ಸ್ಕಿನ್ ಕಲರ್ ಅಂದರೆ ಯಾರ ಬಣ್ಣ?

"ದೊಡ್ಡಮ್ಮ, ಸ್ಕಿನ್ ಕಲರ್ ಎಲ್ಲಿ?" ಕಾಸರಗೋಡಿನ ಬದಿಯಡ್ಕದ ನಮ್ಮ ಮನೆ ಜಗಲಿಯಲ್ಲಿ ಕೂತು ತಂಗಿಯ ಮಗಳು ಕ್ರೆಯಾನ್ ಡಬ್ಬಿ ಮಗುಚಿ ಹುಡುಕುತ್ತಿದ್ದಳು. ನಾಲ್ಕು ವರ್ಷ. ಕೊನೆಗೆ ಸಿಕ್ಕಿದ್ದು ತಿಳಿ ಗುಲಾಬಿ ಕಡ್ಡಿ. ಅದನ್ನು ಹಿಡಿದ ಕೈ ಹುಣಸೆಬೀಜದ ಬಣ್ಣದ್ದು. ಚಿತ್ರದಲ್ಲಿ ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಗುಲಾಬಿ, ನಮ್ಮ ಮನೆಯಲ್ಲಿ ಆ ಬಣ್ಣದವರು ಒಬ್ಬರೂ ಇಲ್ಲ. ಇದನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ.

ಅಮೆರಿಕದ ಕ್ರೆಯೋಲಾ ಕಂಪನಿ ಇಂಥದ್ದೇ ಬಣ್ಣಕ್ಕೆ 'ಫ್ಲೆಶ್', ಅಂದರೆ ಮಾಂಸ, ಅಂತ ಹೆಸರಿಟ್ಟಿತ್ತು. ಅದು 'ಪೀಚ್' ಆದದ್ದು 1962ರಲ್ಲಿ. ಅದಕ್ಕೂ ಮೊದಲು, 1940ರ ದಶಕದಲ್ಲಿ, ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಮನಶ್ಶಾಸ್ತ್ರಜ್ಞ ದಂಪತಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟರು. ಬಣ್ಣ ಬಿಟ್ಟರೆ ಎಲ್ಲವೂ ಒಂದೇ ಥರ. ಯಾವುದು ಚಂದ, ಯಾವುದರ ಜೊತೆ ಆಡ್ತೀಯ ಅಂತ ಕೇಳಿದರೆ ಜಾಸ್ತಿ ಮಕ್ಕಳು ತೋರಿಸಿದ್ದು ಬಿಳಿ ಗೊಂಬೆಯನ್ನು. ನಿನ್ನ ಹಾಗಿರೋದು ಯಾವುದು ಅಂತ ಕೇಳಿದಾಗ ಕೆಲವರು ಅತ್ತು ಹೊರಗೆ ಓಡಿದರು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಅಂತ ತೀರ್ಪು ಕೊಟ್ಟಾಗ ಕೆನೆತ್ ಕ್ಲಾರ್ಕ್ ಅವರ ಕೆಲಸವನ್ನು ಅಡಿಟಿಪ್ಪಣಿಯಲ್ಲಿ ಹೆಸರಿಸಿತು.

ಕಾನೂನು ಬದಲಾದರೂ 'ಮಕ್ಕಳಿಗೆ ಬಣ್ಣಗಿಣ್ಣ ತಿಳಿಯೋದಿಲ್ಲ, ಸುಮ್ನೆ ಕೆದಕಬೇಡಿ' ಎಂಬ ಮಾತು ಹೋಗಲಿಲ್ಲ. ಇದನ್ನು ನೇರವಾಗಿ ಎದುರಿಸಿದವರು ಅಮೆರಿಕದ ಶಿಶುಶಿಕ್ಷಣ ತಜ್ಞೆ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಮತ್ತು ಅವರ ಜೊತೆಯ ಶಿಕ್ಷಕರು. ಪೂರ್ವಗ್ರಹವಿಲ್ಲದೆ ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ಅವರ ಕೈಪಿಡಿ ಬಂದದ್ದು 1989ರಲ್ಲಿ. ಅವಳು ಯಾಕೆ ಕಪ್ಪು ಅಂತ ಮಗು ಕೇಳಿದರೆ ಶ್ ಅನ್ನಬೇಡಿ, ಉತ್ತರ ಕೊಡಿ ಅಂದರು. ವರ್ಷಕ್ಕೊಂದು ದಿನ ಬೇರೆಯವರ ಉಡುಗೆ, ಊಟ ತೋರಿಸಿ ಮುಗಿಸುವುದು ಪ್ರವಾಸ ಹೋಗಿ ಬಂದ ಹಾಗೆ, ಅದು ಕಲಿಕೆಯಲ್ಲ ಅಂತಲೂ ಹೇಳಿದರು. ನಮ್ಮಲ್ಲಿ ಮಗುವಿನ ಮುಖಕ್ಕೆ ಮಸಿ ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ 'ಆದಿವಾಸಿ' ಅಂತ ವೇದಿಕೆ ಹತ್ತಿಸುತ್ತಾರಲ್ಲ, ಛದ್ಮವೇಷ ಸ್ಪರ್ಧೆಯಲ್ಲಿ? ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಕೆಳಗೆ ಕೂತ ಮಕ್ಕಳಲ್ಲಿ ನಮ್ಮೂರ ಕಡೆಯ ಆದಿವಾಸಿಗಳಾದ ಕೊರಗರ ಮಗುವೂ ಇರಬಹುದು.

ಶಾಲೆಯಲ್ಲೇ ಹೊರಗಿನವರಾಗುವ ಈ ನೋವು ಕಾಸರಗೋಡಿನ ಕನ್ನಡಿಗರಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ವ್ಯವಸ್ಥೆ ಬೇಕು ಎಂಬ 350ಎ ವಿಧಿ ಸಂವಿಧಾನಕ್ಕೆ ಬಂದದ್ದೂ ಆ 1956ರಲ್ಲೇ. ಕನ್ನಡ ತರಗತಿಗೆ ಕನ್ನಡ ಬಾರದ ಟೀಚರ್ ಬಂದಾಗ ನಾವು ಬೀದಿಗಿಳಿದಿದ್ದೇವೆ, ಅದು ಸರಿಯೇ. ಆದರೆ ಕೊರಗರಿಗೂ ಅವರದೇ ಭಾಷೆ ಇದೆ. ಕಾಸರಗೋಡು ಸಪ್ತಭಾಷೆಯ ನಾಡು ಅಂತ ಬೆರಳು ಮಡಚಿ ಎಣಿಸುವಾಗ ಅದನ್ನು ಹೇಳಿದವರನ್ನು ನಾನು ಕಂಡದ್ದು ಕಡಿಮೆ. ಆ ಮನೆಯ ಮಗು ಅಂಗನವಾಡಿಗೆ ಬಂದ ಮೊದಲ ದಿನ ನೀರು ಬೇಕು ಅಂತ ಯಾವ ಮಾತಲ್ಲಿ ಕೇಳುತ್ತದೆ ಅಂತ ಅದರ ತಾಯಿಯನ್ನು ಕೇಳಿ ತಿಳಿದುಕೊಳ್ಳಲು ಐದು ನಿಮಿಷ ಸಾಕು.