ಆರು ಅಂಕಿಗೋಸ್ಕರ ದಿಬ್ಬ ಹತ್ತೋದು: ಬ್ಯಾಂಕ್ ಲಾಗಿನ್ ಇಷ್ಟು ಕಷ್ಟ ಆಗಿದ್ದು ಹೇಗೆ?

ನಮ್ಮ ಊರು ಶಿರಸಿ ಹತ್ರ. ಮನೆಗೆ ಫೈಬರ್ ಬಂದು ಎರಡು ವರ್ಷ ಆಯ್ತು, ನೆಟ್ಟು ಬೆಂಗಳೂರಿನ ನನ್ನ ರೂಮಿಗಿಂತ ಚೆನ್ನಾಗಿದೆ, ಅಪ್ಪಯ್ಯ ರಾತ್ರಿ ಊಟ ಆದ್ಮೇಲೆ ಕೂತು ಯಕ್ಷಗಾನದ ವಿಡಿಯೋ ನೋಡ್ತಾರೆ. ಆದ್ರೆ ಮೊಬೈಲ್ ಸಿಗ್ನಲ್ ಮಾತ್ರ ಮನೆ ಒಳಗೆ ಇಲ್ಲ, ತೋಟ ದಾಟಿ ದಿಬ್ಬ ಹತ್ತಿದ್ರೆ ಎರಡು ಕಡ್ಡಿ ಬರತ್ತೆ, ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರೂ ಹೋಗತ್ತೆ. ಅಂದ್ರೆ ಬ್ಯಾಂಕ್ ಸೈಟ್ ಓಪನ್ ಮಾಡೋ ಕಂಪ್ಯೂಟರ್ ಜಗಲಿಲಿ, ಓಟಿಪಿ ಬರೋ ಫೋನು ದಿಬ್ಬದ ಮೇಲೆ. ಹೋದ ಮಳೆಗಾಲದಲ್ಲಿ ಒಂದು ಲಕ್ಷ ದಾಟಿದ ಮೊತ್ತ ಕಳಿಸ್ಬೇಕಿತ್ತು, ಹಾಗಾಗಿ ಯುಪಿಐ ಆಗಲ್ಲ, ನೆಟ್‌ಬ್ಯಾಂಕಿಂಗೇ ಬೇಕು. ನಾನು ಜಗಲಿಲಿ ಕೂತೆ, ಅಪ್ಪಯ್ಯ ಕೊಡೆ ಹಿಡ್ಕೊಂಡು ದಿಬ್ಬ ಹತ್ತಿದ್ರು, ಅಲ್ಲಿಂದ ಒಂದೊಂದೇ ಅಂಕಿ ಕೂಗ್ತಾರೆ ನಾನು ಟೈಪ್ ಮಾಡ್ತೀನಿ, ಮಳೆ ಸದ್ದಲ್ಲಿ ಏಳೋ ಎಂಟೋ ಗೊತ್ತಾಗಲ್ಲ. ಮೊದಲ ಸಲ ಟೈಮ್ ಮುಗೀತು, ಎರಡನೇ ಸಲ ಹಳೇ ಓಟಿಪಿ ಲೇಟಾಗಿ ಬಂದು ಹೊಸದರ ಜೊತೆ ಕಲಸಿಹೋಯ್ತು, ಮೂರನೇ ಸಲ ತಪ್ಪು ಅಂತ ಅಕೌಂಟೇ ಲಾಕ್ ಆಯ್ತು. ಒದ್ದೆ ಪಂಚೆಲಿ ಬಂದು ಕೂತ ಅಪ್ಪಯ್ಯ ಕೇಳಿದ್ರು, "ನನ್ನ ದುಡ್ಡು ನಂದೇ ಅಂತ ಎಷ್ಟು ಸಲ ಹೇಳ್ಬೇಕೋ ತಮಾ?"

ಅವರ ವಯಸ್ಸು 72. ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ, ಹಾಗಾಗಿ ಇದೆಲ್ಲ ಎಲ್ಲಿಂದ ಶುರುವಾಯ್ತು ಅಂತ ಹುಡುಕಿ ಓದ್ತಾ ಹೋದೆ.

2001ರ ಜೂನ್‌ನಲ್ಲಿ ಆರ್‌ಬಿಐ ಇಂಟರ್ನೆಟ್ ಬ್ಯಾಂಕಿಂಗಿಗೆ ಮಾರ್ಗಸೂಚಿ ಕೊಡ್ತು. ಅದರಲ್ಲಿ ಒಂದು ಮಾತಿದೆ, ಈಗ ಓದಿದ್ರೆ ಆಶ್ಚರ್ಯ ಆಗತ್ತೆ. ಆಗಷ್ಟೇ ಬಂದಿದ್ದ 2000ದ ಐಟಿ ಕಾಯ್ದೆ ಒಪ್ಪಿದ್ದು ಡಿಜಿಟಲ್ ಸಹಿಯ ಒಂದೇ ವಿಧಾನವನ್ನ, ಅದನ್ನ ಬಿಟ್ಟು ಬ್ಯಾಂಕು ಬೇರೆ ಹೇಗೆ ಗ್ರಾಹಕರ ಗುರುತು ಹಿಡಿದ್ರೂ ಅದರ ಕಾನೂನಿನ ರಿಸ್ಕು ಬ್ಯಾಂಕಿನದ್ದೇ ಅಂತ. ಬೀಗ ಎಂಥದ್ದು ಹಾಕ್ತೀರೋ ನಿಮಗೆ ಬಿಟ್ಟಿದ್ದು, ಆದ್ರೆ ಬೀಗ ಸರಿ ಇಲ್ದಿದ್ರೆ ಹೊಣೆ ನಿಮ್ದು. ಆಮೇಲೆ ಬಂದ ಒಂದೊಂದು ಬೀಗದ ಜೊತೆಗೂ ಆ ಹೊಣೆ ಸ್ವಲ್ಪ ಸ್ವಲ್ಪವೇ ಗ್ರಾಹಕರ ಕಡೆ ಜಾರ್ತಾ ಬಂತು, ನನಗೆ ಈ ಇಡೀ ಕಥೆಯಲ್ಲಿ ಮುಖ್ಯ ಅನ್ಸೋದು ಅದೇ.

ಶುರುವಲ್ಲಿ ಬರೀ ಯೂಸರ್ ಐಡಿ, ಪಾಸ್‌ವರ್ಡ್. ಆಗ ಬಹಳ ಜನ ಲಾಗಿನ್ ಮಾಡ್ತಿದ್ದಿದ್ದು ಸೈಬರ್ ಕೆಫೆಲಿ, ಅಲ್ಲಿನ ಕಂಪ್ಯೂಟರಲ್ಲಿ ನಾವು ಒತ್ತಿದ ಕೀ ಎಲ್ಲಾ ಕದ್ದು ಬರ್ಕೊಳ್ಳೋ ಸಾಫ್ಟ್‌ವೇರ್ ಇರ್ತಿತ್ತು, ಅದಕ್ಕೆ ಅಂತ ಪರದೆ ಮೇಲೆ ಅಕ್ಷರ ಚೆಲ್ಲಾಪಿಲ್ಲಿ ಮಾಡಿದ ಕೀಬೋರ್ಡ್ ಬಂತು, ಒಂದೊಂದೇ ಅಕ್ಷರ ಮೌಸಿಂದ ಹುಡುಕಿ ಒತ್ತಬೇಕು, ಹಿಂದೆ ನಿಂತವರಿಗೆ ಅದು ಇನ್ನೂ ಚೆನ್ನಾಗಿ ಕಾಣತ್ತೆ. ಆಮೇಲೆ ಕೆಲವು ಬ್ಯಾಂಕಿನವರು ಡೆಬಿಟ್ ಕಾರ್ಡ್ ಹಿಂದೆ ಒಂದು ಗ್ರಿಡ್ ಪ್ರಿಂಟ್ ಮಾಡಿದ್ರು. ಎ ಇಂದ ಪಿ ತನಕ 16 ಅಕ್ಷರ, ಪ್ರತಿಯೊಂದರ ಕೆಳಗೆ ಎರಡಂಕಿ, ದುಡ್ಡು ಕಳಿಸುವಾಗ ಬ್ಯಾಂಕು ಯಾವುದೋ ಮೂರು ಅಕ್ಷರ ಕೇಳತ್ತೆ, ಅದರ ಅಂಕಿ ಹಾಕ್ಬೇಕು. ಅಕ್ಷರ ಎಷ್ಟು ಸಣ್ಣ ಅಂದ್ರೆ ವಯಸ್ಸಾದವರಿಗೆ ಭೂತಗನ್ನಡಿ ಬೇಕು, ಪರ್ಸಲ್ಲಿ ಉಜ್ಜಿ ಉಜ್ಜಿ ಅಳಿಸಿಹೋದ್ರೆ ಕಥೆ ಮುಗೀತು. ಕಳ್ಳರು ಏನು ಮಾಡಿದ್ರು ಅಂದ್ರೆ, ಬ್ಯಾಂಕಿನ ಥರಾನೇ ಕಾಣೋ ನಕಲಿ ಪೇಜ್ ಮಾಡಿ "ಭದ್ರತೆಗಾಗಿ 16 ಅಂಕಿಗಳನ್ನೂ ತುಂಬಿ" ಅಂದ್ರು, ಜನ ತುಂಬಿದ್ರು.

ಈ ಐಡಿಯಾ ನಮ್ಮಲ್ಲಿ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ 1970ರ ದಶಕದ ಕೊನೆಯಲ್ಲೇ ಬ್ಯಾಂಕು ಗ್ರಾಹಕರ ಮನೆಗೆ ಒಂದು ಕಾಗದ ಕಳಿಸೋದು, ಅದರ ತುಂಬ ನಂಬರ್‌ಗಳು, ಒಂದು ವ್ಯವಹಾರಕ್ಕೆ ಒಂದು ನಂಬರ್ ಹಾಕಿ ಪೆನ್ನಲ್ಲಿ ಹೊಡೆದು ಹಾಕೋದು. ಟ್ಯಾನ್ ಅಂತ ಅದರ ಹೆಸರು. ಅಲ್ಲಿನ ಹಿರಿಯರು ಆ ಕಾಗದವನ್ನ ನಲವತ್ತು ವರ್ಷ ಬಳಸಿದ್ರು, 2019ರ ಸೆಪ್ಟೆಂಬರ್ 14ಕ್ಕೆ ಯುರೋಪಿನ ಹೊಸ ನಿಯಮ ಜಾರಿಗೆ ಬಂದು ಅದು ನಿಂತುಹೋಯ್ತು. ಅಮೆರಿಕದಲ್ಲಿ 1980ರ ದಶಕದಲ್ಲಿ ಬಂದಿದ್ದು ಟೋಕನ್, ಅಂದ್ರೆ ಕೀ ಬಂಚಿಗೆ ಹಾಕೋ ಅಂಥ ಸಣ್ಣ ಡಿವೈಸ್, ಸೆಕ್ಯೂರ್‌ಐಡಿ ಅನ್ನೋದು ಅದರಲ್ಲಿ ಎಲ್ಲರಿಗಿಂತ ಹೆಸರು ಮಾಡ್ತು. ಅದರ ಒಳಗೆ ಒಂದು ಗುಟ್ಟಿನ ಸಂಖ್ಯೆ, ಒಂದು ಗಡಿಯಾರ, ಒಂದು ಬ್ಯಾಟರಿ ಅಷ್ಟೇ. ಗುಟ್ಟಿನ ಸಂಖ್ಯೆನೂ ಈಗಿನ ಟೈಮನ್ನೂ ಸೇರಿಸಿ ಲೆಕ್ಕ ಮಾಡಿ 60 ಸೆಕೆಂಡಿಗೊಮ್ಮೆ ಹೊಸ ಆರಂಕಿ ತೋರ್ಸತ್ತೆ, ಅದೇ ಲೆಕ್ಕವನ್ನ ಆ ಕಡೆ ಸರ್ವರೂ ಮಾಡತ್ತೆ, ಎರಡೂ ಹೊಂದಿದ್ರೆ ಬಾಗಿಲು ತೆಗೆಯತ್ತೆ. ನೆಟ್‌ವರ್ಕೇ ಬೇಡ, ನಿಜಕ್ಕೂ ಬಹಳ ಚಂದದ ಉಪಾಯ.

ಇದನ್ನ ನಾನು ಕೈಯಲ್ಲಿ ಹಿಡಿದು ನೋಡಿದೀನಿ. ಮೊದಲ ಕೆಲಸ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಲಿ, ಅಕೌಂಟ್ಸ್. ಕಂಪನಿಯ ಕರೆಂಟ್ ಅಕೌಂಟಿಗೆ ಬ್ಯಾಂಕಿನವರು ಟೋಕನ್ ಕೊಟ್ಟಿದ್ರು, ಅದು ಓನರ್ ಸಾರ್ ಕಾರಿನ ಕೀ ಬಂಚಲ್ಲಿ ನೇತಾಡ್ತಿತ್ತು. ಒಂದು ತಿಂಗಳು 7ನೇ ತಾರೀಕು, ಸಂಬಳದ ದಿನ, ಸಾರ್ ಧರ್ಮಸ್ಥಳಕ್ಕೆ ಹೋಗಿದ್ರು. ಫೋನ್ ಮಾಡ್ದೆ. ಶಿರಾಡಿ ಘಾಟಲ್ಲಿ ಕಾರ್ ಸೈಡಿಗೆ ನಿಲ್ಸಿ "ಬರ್ಕೋಪ್ಪಾ, ನಾಲ್ಕು, ಸೊನ್ನೆ, ಒಂಬತ್ತು..." ಅಂತ ಹೇಳ್ತಾ ಇರುವಾಗಲೇ ಅಂಕಿ ಬದಲಾಗೋದು, ಮತ್ತೆ ಮೊದಲಿಂದ. ಶಾಪ್ ಫ್ಲೋರಲ್ಲಿ ಹದಿನೆಂಟು ಜನ ಸಂಬಳಕ್ಕೆ ಕಾಯ್ತಿದಾರೆ. ಆ ಪುಟ್ಟ ಡಿಸ್‌ಪ್ಲೇಗೆ ಲೈಟ್ ಇಲ್ಲ, ಕತ್ತಲಾದ್ರೆ ಕಾಣಲ್ಲ, ಬ್ಯಾಟರಿ ಬದಲಾಯಿಸೋ ಹಾಗಿಲ್ಲ, ಮುಗಿದ್ರೆ ಹೊಸ ಟೋಕನ್ನಿಗೆ ಅರ್ಜಿ ಕೊಟ್ಟು ವಾರಗಟ್ಟಲೆ ಕಾಯೋದು. ಅದಾದ್ಮೇಲೆ ಸಾರ್ ಟೋಕನ್ ನನ್ನ ಡ್ರಾಯರಲ್ಲೇ ಬಿಟ್ಟು ಹೋಗೋಕೆ ಶುರು ಮಾಡಿದ್ರು. ಬ್ಯಾಂಕಿನ ನಿಯಮದ ಪ್ರಕಾರ ಅದು ತಪ್ಪು, ಗೊತ್ತು, ಆದ್ರೆ ಸಂಬಳ ನಿಲ್ಸೋಕೆ ಆಗತ್ತಾ?

2011ರ ಮಾರ್ಚಲ್ಲಿ ಆ ಟೋಕನ್ ಮಾಡ್ತಿದ್ದ ಆರ್‌ಎಸ್‌ಎ ಕಂಪನಿಗೇ ಕನ್ನ ಬಿತ್ತು. ನೌಕರರೊಬ್ಬರಿಗೆ ಬಂದ ಮೇಲ್ ಜೊತೆ ಒಂದು ಎಕ್ಸೆಲ್ ಫೈಲ್, ನೇಮಕಾತಿ ಯೋಜನೆ ಅಂತ ಹೆಸರು, ಓಪನ್ ಮಾಡಿದ್ರು, ಅಲ್ಲಿಂದ ಒಳಗೆ ನುಗ್ಗಿದವರು ಸೆಕ್ಯೂರ್‌ಐಡಿಗೆ ಸಂಬಂಧಪಟ್ಟ ಮಾಹಿತಿ ಹೊತ್ಕೊಂಡು ಹೋದ್ರು. ಅದೇ ಮಾಹಿತಿ ಬಳಸಿ ಲಾಕ್‌ಹೀಡ್ ಮಾರ್ಟಿನ್ ಅನ್ನೋ ಶಸ್ತ್ರಾಸ್ತ್ರ ಕಂಪನಿ ಮೇಲೆ ದಾಳಿ ಆಯ್ತು, ಜೂನಲ್ಲಿ ಆರ್‌ಎಸ್‌ಎ ಸುಮಾರು 4 ಕೋಟಿ ಟೋಕನ್ ಬದಲಾಯಿಸಿ ಕೊಡ್ತೀವಿ ಅಂತ ಮುಂದೆ ಬಂತು.

ಇಂಗ್ಲೆಂಡಿನವರ ದಾರಿ ಬೇರೆ. 2007ರಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಪಿನ್‌ಸೆಂಟ್ರಿ ಅಂತ ಕ್ಯಾಲ್ಕ್ಯುಲೇಟರ್ ಥರದ ಕಾರ್ಡ್ ರೀಡರ್ ಕೊಡ್ತು, ಕಾರ್ಡ್ ತುರುಕಿ ಪಿನ್ ಒತ್ತಿದ್ರೆ ಕೋಡ್ ಬರತ್ತೆ, 2011ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನವರ ಸೆಕ್ಯೂರ್ ಕೀ ಅನ್ನೋ ಡಿವೈಸ್ ಬಂತು. ಆಫೀಸಿಗೆ ಬಂದ್ಮೇಲೆ ಡಿವೈಸ್ ಮನೇಲಿ ಬಿಟ್ಟಿದ್ದು ನೆನಪಾಗೋದು, ಎರಡು ಬ್ಯಾಂಕಲ್ಲಿ ಅಕೌಂಟ್ ಇದ್ರೆ ಎರಡು ಡಿವೈಸ್ ಹೊತ್ಕೊಂಡು ತಿರುಗೋದು, ಜನ ರೋಸಿಹೋದ್ರು. 2009ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿಯ ಸಂಶೋಧಕರು ಈ ಕಾರ್ಡ್ ರೀಡರ್‌ಗಳನ್ನ ಬಿಚ್ಚಿ ನೋಡಿ ಒಂದು ಭಯದ ವಿಷಯ ಹೇಳಿದ್ರು. ಪಿನ್ ಸರಿಯೋ ತಪ್ಪೋ ಅಂತ ಆ ರೀಡರ್ ಅಲ್ಲೇ ಹೇಳಿಬಿಡತ್ತೆ, ಅಂದ್ರೆ ದಾರೀಲಿ ಅಡ್ಡಗಟ್ಟಿ ದೋಚೋನು ಜೇಬಲ್ಲಿ ಒಂದು ರೀಡರ್ ಇಟ್ಕೊಂಡಿದ್ರೆ ನೀವು ಸುಳ್ಳು ಪಿನ್ ಹೇಳಿ ತಪ್ಪಿಸ್ಕೊಳ್ಳೋ ಹಾಗಿಲ್ಲ. ಡಿವೈಸ್ ಮಾಡಿದವರಿಗೆ ಬ್ಯಾಂಕಿನ ನಷ್ಟದ ಚಿತ್ರ ಇತ್ತು, ಕತ್ತಲ ರಸ್ತೇಲಿ ನಿಂತ ಗ್ರಾಹಕನ ಚಿತ್ರ ಇರಲಿಲ್ಲ.

ಆದ್ರೂ ಒಂದು ವಿಷಯ ಒಪ್ಕೋಬೇಕು. ದುಡ್ಡು ಕಳಿಸುವಾಗ ಆ ರೀಡರ್‌ಗಳಲ್ಲಿ ಬೇರೆಯವರ ಅಕೌಂಟ್ ನಂಬರ್, ಮೊತ್ತ ಎಲ್ಲಾ ಒತ್ತಬೇಕಿತ್ತು, ಜರ್ಮನಿಯಲ್ಲಿ ಕಾಗದದ ನಂತರ ಬಂದ ಚಿಪ್‌ಟ್ಯಾನ್ ಡಿವೈಸ್ ಅಂತೂ ಯಾರಿಗೆ, ಎಷ್ಟು ಅಂತ ತನ್ನ ಪರದೇಲಿ ತೋರಿಸಿ ಆಮೇಲೆ ಕೋಡ್ ಕೊಡ್ತಿತ್ತು. ಇದು ಜನರಿಗೆ ಜಾಸ್ತಿ ಕಿರಿಕಿರಿ ಮಾಡಿದ್ದು ಹೌದು, ಆದ್ರೆ ಸರಿಯಾದ ಪ್ರಶ್ನೆ ಕೇಳಿದ್ದೂ ಅದೇ. ಟೋಕನ್, ಗ್ರಿಡ್, ಪಾಸ್‌ವರ್ಡ್ ಎಲ್ಲಾ ಕೇಳೋದು "ನೀನು ಯಾರು" ಅಂತ. "ನೀನು ಯಾವುದಕ್ಕೆ ಒಪ್ತಾ ಇದೀಯ, ನೋಡಿ ಹೇಳು" ಅಂತ ಕೇಳಿದ್ದು ಇವೆರಡೇ.

ಭಾರತದಲ್ಲಿ ತಿರುವು ಬಂದಿದ್ದು 2009ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಆರ್‌ಬಿಐ ಸುತ್ತೋಲೆ ಹೊರಡಿಸಿ, ಆಗಸ್ಟ್ 1ರಿಂದ ಆನ್‌ಲೈನಲ್ಲಿ ಕಾರ್ಡ್ ಬಳಸೋಕೆ ಕಾರ್ಡ್ ಮೇಲೆ ಕಾಣದ ಇನ್ನೊಂದು ಗುಟ್ಟು ಬೇಕೇ ಬೇಕು ಅಂತ ಕಡ್ಡಾಯ ಮಾಡ್ತು. ಕಾರ್ಡ್ ಕಳ್ಳತನ ತಡೆಯೋದರಲ್ಲಿ ಅದು ಒಳ್ಳೇ ಕೆಲಸವೇ, ಅದರಲ್ಲಿ ನನಗೆ ಅನುಮಾನ ಇಲ್ಲ. 2014ರಲ್ಲಿ ಕೆಲವರು ಪೇಮೆಂಟನ್ನ ವಿದೇಶದ ದಾರೀಲಿ ಸುತ್ತಿಸಿ ಇದನ್ನ ತಪ್ಪಿಸ್ಕೊಳ್ತಿದ್ದಾಗ ಅದನ್ನೂ ಮುಚ್ಚಿಸಿದ್ರು. ಆದ್ರೆ ಕೋಟಿಗಟ್ಟಲೆ ಜನಕ್ಕೆ ಟೋಕನ್ ಹಂಚೋರು ಯಾರು, ಎಲ್ಲರ ಕೈಲೂ ಆಗಲೇ ಮೊಬೈಲ್ ಇತ್ತು, ಹಾಗಾಗಿ ಎಸ್ಸೆಮ್ಮೆಸ್ ಓಟಿಪಿಯೇ ದೇಶದ ಬೀಗ ಆಗಿಹೋಯ್ತು. ಡಿವೈಸ್ ನಮ್ಮದೇ, ರೀಚಾರ್ಜ್ ನಮ್ಮದೇ, ಸಿಗ್ನಲ್ ಹುಡುಕೋದೂ ನಾವೇ.

ಎಸ್ಸೆಮ್ಮೆಸ್ ಬೀಗಕ್ಕೆ ಅಂತ ಹುಟ್ಟಿದ್ದಲ್ಲ, ಅದರ ತೊಂದರೆ ಒಂದೊಂದೇ ಹೊರಗೆ ಬಂತು. ನಿಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತಗೊಂಡ್ರೆ ಓಟಿಪಿ ಕಳ್ಳನಿಗೇ ಹೋಗತ್ತೆ. 2017ರಲ್ಲಿ ಜರ್ಮನಿಯಲ್ಲಿ ಟೆಲಿಕಾಂ ಕಂಪನಿಗಳ ಒಳಗಿನ ಹಳೇ ವ್ಯವಸ್ಥೆಯ ಲೋಪ ಬಳಸಿ ಬ್ಯಾಂಕಿನ ಮೆಸೇಜನ್ನೇ ಬೇರೆ ಕಡೆ ತಿರುಗಿಸಿದ್ದು ಬಯಲಾಯ್ತು. ನಮ್ಮಲ್ಲಿ 2021ರ ಮಾರ್ಚ್ 8ಕ್ಕೆ, ಸ್ಪ್ಯಾಮ್ ತಡೆಯೋಕೆ ಅಂತ ಟೆಲಿಕಾಂ ನಿಯಂತ್ರಕ ಟ್ರಾಯ್ ತಂದ ನಿಯಮ ಜಾರಿಯಾದ ದಿನವೇ ನೋಂದಣಿ ಆಗದ ಮೆಸೇಜ್‌ಗಳ ಜೊತೆ ಓಟಿಪಿಗಳೂ ಸಿಕ್ಕಿಹಾಕ್ಕೊಂಡು ಬ್ಯಾಂಕು, ರೈಲ್ವೆ ಟಿಕೆಟ್, ಲಸಿಕೆ ನೋಂದಣಿ ಎಲ್ಲಾ ಒದ್ದಾಡ್ತು, ಮಾರನೇ ದಿನವೇ ಅದನ್ನ 7 ದಿನ ತಡೆಹಿಡಿದ್ರು. ಸಿಂಗಾಪುರದಲ್ಲಿ 2021ರ ಡಿಸೆಂಬರಲ್ಲಿ ಕಳ್ಳರ ಎಸ್ಸೆಮ್ಮೆಸ್ ಓಸಿಬಿಸಿ ಬ್ಯಾಂಕಿನ ಅಸಲಿ ಮೆಸೇಜ್‌ಗಳ ಸಾಲಲ್ಲೇ ಬಂದು ಕೂತಿತ್ತು, 790 ಗ್ರಾಹಕರು ಸೇರಿ 137 ಲಕ್ಷ ಸಿಂಗಾಪುರ ಡಾಲರ್ ಕಳ್ಕೊಂಡ್ರು. ಬ್ಯಾಂಕು ಅಷ್ಟನ್ನೂ ವಾಪಸ್ ಕೊಡ್ತು. 2024ರ ಜುಲೈನಲ್ಲಿ ಅಲ್ಲಿನ ಬ್ಯಾಂಕಿನವರು, ಫೋನಲ್ಲಿ ಡಿಜಿಟಲ್ ಟೋಕನ್ ಇರೋರಿಗೆ ಲಾಗಿನ್ ಓಟಿಪಿಯನ್ನೇ ಮೂರು ತಿಂಗಳಲ್ಲಿ ನಿಲ್ಲಿಸ್ತೀವಿ ಅಂತ ಘೋಷಿಸಿದ್ರು.

ದೂರ ದೇಶದಲ್ಲಿರೋರ ಪಾಡು ಇನ್ನೊಂದು ಥರ. ಅಕ್ಕ ಮಸ್ಕತ್‌ನಲ್ಲಿದ್ದಾಳೆ. ಊರಿನ ಸಿಮ್ ಒಂದನ್ನ ಓಟಿಪಿಗೋಸ್ಕರವೇ ಹಳೇ ಫೋನಲ್ಲಿ ಹಾಕಿ ಇಟ್ಟಿದ್ಲು, ಒಂದ್ಸಲ ರೀಚಾರ್ಜ್ ಮರೆತು ನಂಬರ್ ಬಂದ್ ಆಯ್ತು. ಬ್ಯಾಂಕಿಗೆ ಫೋನ್ ಮಾಡಿ ಹೊಸ ನಂಬರ್ ಹಾಕ್ಕೊಳ್ಳಿ ಅಂದ್ರೆ, ಆಯ್ತು ಮೇಡಂ, ಹಳೇ ನಂಬರಿಗೆ ಓಟಿಪಿ ಕಳಿಸಿದೀವಿ ಹೇಳಿ ಅಂದ್ರಂತೆ. ಕೊನೆಗೆ ಊರಿಗೆ ಬಂದಾಗಲೇ ಸರಿ ಆಗಿದ್ದು. 2023ರಲ್ಲಿ ಒಮಾನ್ ಸೇರಿ ಹತ್ತು ದೇಶಗಳ ನಂಬರ್ ಇಟ್ಕೊಂಡೇ ಯುಪಿಐ ಬಳಸೋಕೆ ಎನ್‌ಆರ್‌ಐ ಅಕೌಂಟಿನವರಿಗೆ ಅವಕಾಶ ಸಿಕ್ತು, ಅದು ನಿಜಕ್ಕೂ ದೊಡ್ಡ ಉಪಕಾರ.

ಈಗ ಹೊಣೆಯ ವಿಷಯಕ್ಕೆ ಬರ್ತೀನಿ. 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ ಗ್ರಾಹಕರ ಪರವಾಗಿ ಬಹಳ ಒಳ್ಳೇ ಮಾತು ಹೇಳ್ತು. ತಪ್ಪು ಬ್ಯಾಂಕಿಂದೂ ಅಲ್ಲ ಗ್ರಾಹಕರದ್ದೂ ಅಲ್ಲ ಅಂತಾದ್ರೆ, ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕರಿಗೆ ಒಂದು ಪೈಸೆ ನಷ್ಟ ಇಲ್ಲ, ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡೋ ಭಾರವೂ ಬ್ಯಾಂಕಿನ ಮೇಲೆ. ಆದ್ರೆ ಗುಟ್ಟಿನ ನಂಬರ್ ಹಂಚಿಕೊಂಡಂಥ ನಿರ್ಲಕ್ಷ್ಯ ಗ್ರಾಹಕರದ್ದಾದ್ರೆ, ಬ್ಯಾಂಕಿಗೆ ತಿಳಿಸೋ ತನಕ ಆದ ನಷ್ಟ ಪೂರ್ತಿ ಅವರದ್ದೇ. ಹಾಗಾಗಿ "ಓಟಿಪಿ ನೀವೇ ಕೊಟ್ಟಿದೀರಲ್ಲ" ಅನ್ನೋ ಒಂದೇ ಮಾತಿಗೆ ಎಷ್ಟೋ ಜನ ಕೌಂಟರಿಂದ ಎದ್ದು ವಾಪಸ್ ಬಂದುಬಿಡ್ತಾರೆ. ಕರೆಂಟ್ ಬಿಲ್ ಬಾಕಿ ಇದೆ, ರಾತ್ರಿ ಲೈನ್ ಕಟ್ ಮಾಡ್ತೀವಿ ಅಂತ ಹೆದರಿಸಿ ಅಂಕಿ ಹೇಳಿಸ್ಕೊಂಡವನಿಗೆ ಆ ಮನುಷ್ಯ ದುಡ್ಡು ಕೊಡೋಕೆ ಒಪ್ಪಿದ್ನಾ? ಅಂಕಿ ಟೈಪ್ ಆಯ್ತು ಅನ್ನೋದಷ್ಟೇ ಓಟಿಪಿಗೆ ಗೊತ್ತಿರೋದು.

2025ರ ಸೆಪ್ಟೆಂಬರಲ್ಲಿ ಆರ್‌ಬಿಐ ಹೊಸ ನಿರ್ದೇಶನ ಕೊಡ್ತು, ಜಾರಿ 2026ರ ಏಪ್ರಿಲ್ 1ರಿಂದ. ಎರಡು ಥರದ ಪರೀಕ್ಷೆ ಬೇಕೇ ಬೇಕು, ಆದ್ರೆ ಅದು ಎಸ್ಸೆಮ್ಮೆಸ್ಸೇ ಆಗ್ಬೇಕು ಅಂತಿಲ್ಲ, ಆ್ಯಪ್, ಬೆರಳಚ್ಚು, ಟೋಕನ್ ಏನಾದ್ರೂ ಆಗಬಹುದು, ಎಸ್ಸೆಮ್ಮೆಸ್ಸೂ ಇರಬಹುದು. ನನಗೆ ಇದರಲ್ಲಿ ಮುಖ್ಯ ಅನ್ಸಿದ್ದು ಬೇರೆ ಸಾಲು: ಈ ನಿಯಮ ಪಾಲಿಸದೆ ಗ್ರಾಹಕರಿಗೆ ನಷ್ಟ ಆದ್ರೆ ಬ್ಯಾಂಕು ತಕರಾರಿಲ್ಲದೆ ಪೂರ್ತಿ ತುಂಬಿಕೊಡಬೇಕು. 2001ರ ಆ ಮಾತು ಇಷ್ಟು ವರ್ಷ ಆದ್ಮೇಲೆ ಸ್ವಲ್ಪ ವಾಪಸ್ ಬಂದ ಹಾಗಾಯ್ತು. ಆ್ಯಪ್ ಒಳಗೇ ಒಪ್ಪಿಗೆ ಕೊಡೋ ಹಾಗಾದ್ರೆ ನಮ್ಮನೆ ಜಗಲಿಲಿ ವೈಫೈಲೇ ಕೆಲಸ ಮುಗಿಯತ್ತೆ, ದಿಬ್ಬ ಹತ್ತೋದು ತಪ್ಪತ್ತೆ.

ಆದ್ರೆ ಅಪ್ಪಯ್ಯನಿಗೆ ಬರೋ ಬ್ಯಾಂಕಿನ ಮೆಸೇಜ್ ಎಲ್ಲಾ ಇಂಗ್ಲಿಷಲ್ಲೇ. ಯಾರಿಗೆ, ಎಷ್ಟು ಅಂತ ಅದರಲ್ಲಿ ಬರೆದಿರತ್ತೆ, ಆದ್ರೆ ಮೂವತ್ತೈದು ವರ್ಷ ಕನ್ನಡ ಶಾಲೆಲಿ ಮಕ್ಕಳಿಗೆ ಪಾಠ ಹೇಳಿದ ಮನುಷ್ಯನಿಗೆ ಮೂರು ನಿಮಿಷದಲ್ಲಿ ಅದನ್ನ ಓದಿ, ಅರ್ಥ ಮಾಡ್ಕೊಂಡು, ಅಂಕಿ ಹಾಕೋಕೆ ಆಗಲ್ಲ. ಅದಕ್ಕೆ ಅವರೇ ಒಂದು ದಾರಿ ಹುಡುಕ್ಕೊಂಡಿದ್ದಾರೆ. ಗಡಿಯಾರದ ಕೆಳಗೆ ಒಂದು ನೋಟ್‌ಬುಕ್ ಇದೆ, ದುಡ್ಡು ಕಳಿಸೋ ಮೊದಲು ತಾರೀಕು, ಯಾರಿಗೆ, ಎಷ್ಟು ರೂಪಾಯಿ, ಅವರ ಅಕೌಂಟಿನ ಕೊನೇ ನಾಲ್ಕು ಅಂಕಿ ಕನ್ನಡದಲ್ಲಿ ಬರೀತಾರೆ. ಮೆಸೇಜ್ ಬಂದ್ಮೇಲೆ ಅದರಲ್ಲಿರೋ ಅಂಕಿಗೂ ಪುಸ್ತಕದ ಅಂಕಿಗೂ ಬೆರಳಿಟ್ಟು ತಾಳೆ ನೋಡ್ತಾರೆ, ಸರಿ ಇದ್ರೆ ಪಕ್ಕದಲ್ಲಿ ಒಂದು ಸಣ್ಣ ಗೀಟು, ಆಮೇಲೇ ನನಗೆ ಓಟಿಪಿ ಕೂಗೋದು. ಮಳೆ ಬಂದ್ರೆ ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಕವರ್ ಸುತ್ಕೊಂಡೇ ದಿಬ್ಬ ಹತ್ತುತ್ತಾರೆ.