ಸೆರೊಟೋನಿನ್ ರಿಪೋರ್ಟ್ ಮಾತ್ರ ತರಬೇಡಿ

ಮೊನ್ನೆ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಕೂರುವ ಮೊದಲೇ ಪ್ಲಾಸ್ಟಿಕ್ ಕವರಿನಿಂದ ಲ್ಯಾಬ್ ರಿಪೋರ್ಟ್ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಸೆರೊಟೋನಿನ್ ನಾರ್ಮಲ್ ಇದೆ ಡಾಕ್ಟ್ರೇ. ಡಿಪ್ರೆಶನ್ ಅಂದ್ರೆ ಅದು ಕಡಿಮೆ ಇರಬೇಕಲ್ವಾ? ಅಂದ್ಮೇಲೆ ಇವಳಿಗೆ ಏನೂ ಆಗಿಲ್ಲ. ಅಮ್ಮ ಹೇಳಿದ ಹಾಗೆ ಇದೆಲ್ಲಾ ನಾಟಕಾನೇ." ಆಕೆ ತಲೆ ಎತ್ತಲಿಲ್ಲ.

ಈ ರಿಪೋರ್ಟಿನ ಕಾಟ ಈಚೆಗೆ ಜಾಸ್ತಿಯಾಗಿದೆ. ಅದಕ್ಕೇ ಒಂದೇ ಒಂದು ವಿಷಯ ಬಿಡಿಸಿ ಹೇಳುತ್ತೇನೆ. ಸೆರೊಟೋನಿನ್ ಅಂದರೆ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಒಂದು ರಾಸಾಯನಿಕ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ 90ರಷ್ಟು ತಯಾರಾಗುವುದು ಕರುಳಿನಲ್ಲಿ. ಅಲ್ಲಿಂದ ರಕ್ತಕ್ಕೆ ಬಂದದ್ದನ್ನು ಪ್ಲೇಟ್‌ಲೆಟ್‌ಗಳು ಹೊತ್ತು ತಿರುಗುತ್ತವೆ, ಡೆಂಗ್ಯೂ ಬಂದಾಗ ಎಣಿಸುತ್ತಾರಲ್ಲ, ಅವೇ. ಮೆದುಳಿಗೂ ರಕ್ತಕ್ಕೂ ನಡುವೆ ಒಂದು ತಡೆ ಇದೆ, ಸೆರೊಟೋನಿನ್ ಅದನ್ನು ದಾಟುವುದಿಲ್ಲ. ಮೆದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಿರುವಾಗ ತೋಳಿನ ರಕ್ತ ತೆಗೆದು ಮೆದುಳಿನ ಲೆಕ್ಕ ಹೇಳುವುದು ಪಕ್ಕದ ಮನೆ ಮೀಟರ್ ನೋಡಿ ನಮ್ಮ ಕರೆಂಟ್ ಬಿಲ್ ಕಟ್ಟಿದ ಹಾಗೆ. ಕರುಳಿನ ಕೆಲವು ಬಗೆಯ ಗಡ್ಡೆಗಳನ್ನು ಹುಡುಕಲು ಆ ಪರೀಕ್ಷೆ ಬೇಕಾಗುತ್ತದೆ. ಡಿಪ್ರೆಶನ್‌ಗೆ ಅಲ್ಲ.

ತಪ್ಪು ನಮ್ಮದೂ ಇದೆ ಅನ್ನಿ. "ಮೆದುಳಲ್ಲಿ ಒಂದು ಕೆಮಿಕಲ್ ಕಡಿಮೆಯಾಗಿದೆ" ಅಂತ ಚೀಟಿಯ ಹಿಂದೆ ಚಿತ್ರ ಬರೆದು ನಾನೇ ವರ್ಷಗಟ್ಟಲೆ ಹೇಳಿದ್ದೇನೆ. ಅದರಿಂದ ಉಪಯೋಗವೂ ಇತ್ತು. ಸೊಸೆಗೆ ಸೋಮಾರಿತನ ಎನ್ನುತ್ತಿದ್ದ ಅತ್ತೆಯಂದಿರು ಕೆಮಿಕಲ್ ಅಂದ ಕೂಡಲೇ ಸುಮ್ಮನಾಗುತ್ತಿದ್ದರು. ಈಗ ಅದೇ ಮಾತು ತಿರುಗಿ ಬಂದು, ಕೆಮಿಕಲ್ ಸರಿ ಇದ್ದರೆ ಕಾಯಿಲೆಯೇ ಇಲ್ಲ ಅಂತಾಗಿದೆ.

ಕೆಮಿಕಲ್ ಕಡಿಮೆಯಾಗಿ ಡಿಪ್ರೆಶನ್ ಬರುತ್ತದೆ ಎಂಬ ಊಹೆ ಹುಟ್ಟಿದ್ದರಲ್ಲಿ ನಮ್ಮ ಸರ್ಪಗಂಧಿ ಗಿಡದ ಪಾಲೂ ಇದೆ. ಕಲ್ಕತ್ತದ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಅದು ಬಿಪಿಗೂ ಬುದ್ಧಿಭ್ರಮಣೆಗೂ ಆಗುತ್ತದೆ ಎಂದು ಬರೆದಿದ್ದರು. ಮುಂದೆ ಅದರಿಂದ ತೆಗೆದ ರಿಸರ್ಪಿನ್ ಅನ್ನು ಬಿಪಿಗೆಂದು ನುಂಗಿದ ಕೆಲವರು ಮಂಕಾದರು. ಅದು ಮೆದುಳಿನ ಸೆರೊಟೋನಿನ್ ಮತ್ತು ಅದರಂಥದ್ದೇ ಇನ್ನೊಂದು ರಾಸಾಯನಿಕವಾದ ನಾರ್‌ಅಡ್ರಿನಲಿನ್‌ಗಳನ್ನು ಬರಿದು ಮಾಡುತ್ತದೆ ಎಂದು ಗೊತ್ತಾಯಿತು. ಇತ್ತ 1950ರ ದಶಕದಲ್ಲಿ ಟಿಬಿಗೆ ಕೊಟ್ಟ ಇಪ್ರೋನಿಯಾಜಿಡ್‌ನಿಂದ ರೋಗಿಗಳು ಗೆಲುವಾದರು. ಅದು ಇವೇ ರಾಸಾಯನಿಕಗಳನ್ನು ಉಳಿಸುವ ಔಷಧಿ. ಎರಡನ್ನೂ ಕೂಡಿಸಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಆದರೆ ಲೆಕ್ಕ ಅಷ್ಟು ಸಲೀಸಲ್ಲ. ನಾವು ಕೊಡುವ ಮಾತ್ರೆ ನರಕೋಶಗಳ ನಡುವೆ ಸೆರೊಟೋನಿನ್ ಹೆಚ್ಚಿಸುವುದು ಕೆಲವೇ ಗಂಟೆಗಳಲ್ಲಿ. ಮನಸ್ಸು ತಿಳಿಯಾಗುವುದಕ್ಕೆ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಬರೀ ಕೊರತೆ ತುಂಬುವ ಕೆಲಸವಾಗಿದ್ದರೆ ಸಂಜೆಗೇ ಸರಿಹೋಗಬೇಕಿತ್ತು! ಆ ವಾರಗಳಲ್ಲಿ ನರಕೋಶಗಳು ನಿಧಾನವಾಗಿ ಹೊಂದಿಕೊಳ್ಳುತ್ತವೆ, ಅವುಗಳ ನಡುವಿನ ಕೊಂಡಿಗಳು ಬದಲಾಗುತ್ತವೆ ಎಂಬುದು ಈಗಿನ ತಿಳಿವಳಿಕೆ. ಮನೆತನದಲ್ಲಿ ಬಂದದ್ದು, ನಿದ್ದೆಗೇಡು, ಸಾಲ, ಸಾವು, ಹೆರಿಗೆ, ಕುಡಿತ, ಎಲ್ಲವೂ ಇದರೊಳಗೆ ಕೈ ಹಾಕುತ್ತವೆ.

ಸೆರೊಟೋನಿನ್ ಕೊರತೆಯಿಂದಲೇ ಡಿಪ್ರೆಶನ್ ಬರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು 2022ರಲ್ಲಿ ಒಂದು ದೊಡ್ಡ ಪರಾಮರ್ಶೆ ಬಂತು. ಅದರ ಸುದ್ದಿ ವಾಟ್ಸಾಪ್‌ನಲ್ಲಿ ಓದಿ ಮಾತ್ರೆ ಬಿಟ್ಟವರೂ ಇದ್ದಾರೆ. ಕಾರಣ ಬೇರೆ, ಉಪಶಮನ ಬೇರೆ ಮಾರಾಯ್ರೇ. ಹೊಟ್ಟೆ ಉರಿದಾಗ ಮಜ್ಜಿಗೆ ಹಿತ ಅನಿಸುತ್ತದೆ, ಮಜ್ಜಿಗೆ ಕೊರತೆಯಿಂದ ಹೊಟ್ಟೆ ಉರಿಯಿತು ಅಂತಲ್ಲವಲ್ಲ. ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ. ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಶಾಕ್ ಹೊಡೆದಂಥ ಅನುಭವ ಬರಬಹುದು. ಬಿಡುವುದಾದರೆ ಕೊಟ್ಟ ವೈದ್ಯರನ್ನು ಕೇಳಿಯೇ ಬಿಡಿ.

ನಾನೂ ರಕ್ತ ಪರೀಕ್ಷೆ ಬರೆಯುತ್ತೇನೆ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಔಷಧಿ ತೆಗೆದುಕೊಳ್ಳುವವರಿಗೆ ಅದರ ಮಟ್ಟ. ಉಳಿದದ್ದು ಕೇಳಿ ತಿಳಿಯಬೇಕಾದದ್ದು.

ಆವತ್ತೂ ರಿಪೋರ್ಟ್ ಪಕ್ಕಕ್ಕಿಟ್ಟು ಆಕೆಯನ್ನೇ ಕೇಳಿದೆ, ಬೆಳಿಗ್ಗೆ ಎಷ್ಟು ಗಂಟೆಗೆ ಎಚ್ಚರವಾಗುತ್ತಮ್ಮಾ?

"ಮೂರಕ್ಕೆ. ಮತ್ತೆ ನಿದ್ದೆ ಬರಲ್ಲ. ಎರಡು ತಿಂಗಳಾಯ್ತು."

ಗಂಡ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಲ್ಲಿ ನೀರು ಹಿಡಿಯೋಕೆ ಎದ್ದಿರ್ತಾಳೆ ಅಂದ್ಕೊಂಡಿದ್ದೆ" ಅಂದರು.