ಉದ್ದ ಸೋರೆ ಬಿತ್ತಿದರೆ ಇದೇನು ಬಿಟ್ಟಿತು?

"ಸರ್, ನಮ್ಮಕ್ಕ ಕೊಟ್ಟಿದ್ದು ಉದ್ದ ಸೋರೆ ಬೀಜ. ನಮ್ಮ ಹಿತ್ತಿಲಲ್ಲಿ ಬಿಟ್ಟಿದ್ದು ಉದ್ದನೂ ಅಲ್ಲ, ಗುಂಡೂ ಅಲ್ಲ."

ಹಾಸನದ ಸುತ್ತ ಕೈತೋಟ ಮಾಡಿ, ಬೀಜ ಉಳಿಸಿ ಹಂಚಿಕೊಳ್ಳುವವರು ನನಗೆ ಜಾಸ್ತಿ ಹೇಳುವ ದೂರು ಇದೇ. ಅಕ್ಕ ಸುಳ್ಳು ಹೇಳಿಲ್ಲ. ಅವರ ಚಪ್ಪರದಲ್ಲಿ ತೂಗುತ್ತಿದ್ದದ್ದು ಉದ್ದ ಸೋರೆಯೇ. ಪಕ್ಕದ ಮನೆಯ ಬೇಲಿ ಮೇಲೆ ಗುಂಡು ಸೋರೆ ಹಬ್ಬಿತ್ತು, ಹುಳಗಳು ಎರಡೂ ಕಡೆ ಓಡಾಡಿದವು, ಅಷ್ಟೇ. ಹೀಗೆ ಬೆರಕೆಯಾದದ್ದು ಆ ವರ್ಷದ ಕಾಯಿ ನೋಡಿದರೆ ಗೊತ್ತಾಗುವುದಿಲ್ಲ. ಅದರ ಬೀಜ ಬಿತ್ತಿದ ಮೇಲೆ, ಇನ್ನೊಬ್ಬರ ಹಿತ್ತಿಲಲ್ಲಿ ಬಯಲಾಗುತ್ತದೆ.

ಟೊಮೆಟೊ, ಬೀನ್ಸ್, ಅವರೆಯಲ್ಲಿ ಈ ತಲೆನೋವು ಕಡಿಮೆ. ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹೊಸಬರು ಇವುಗಳಿಂದಲೇ ಶುರುಮಾಡಲಿ. ಆದರೆ ಪೊಟ್ಟಣದ ಮೇಲೆ ಎಫ್1 (ಎರಡು ತಳಿ ಬೆರೆಸಿ ಮಾಡಿದ ಹೈಬ್ರಿಡ್) ಅಂತಿದ್ದರೆ ಆ ಗಿಡದ ಬೀಜ ಎತ್ತಿಡಬೇಡಿ, ಮುಂದಿನ ಪೀಳಿಗೆಯಲ್ಲಿ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲೂ ನೋಡಿಕೊಳ್ಳಿ: ಅರ್ಕಾ ಅನಾಮಿಕ ಬೆಂಡೆಯ ಬೀಜ ಉಳಿಸಬಹುದು, ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್.

ಬಳ್ಳಿ ತರಕಾರಿಗೆ, ಹುಳಗಳು ಬೇರೆ ಪರಾಗ ತರದಂತೆ, ಹೂವಿನ ಬಾಯಿ ಕಟ್ಟಲೇಬೇಕು. ಹೀರೆಯನ್ನೇ ತೊಗೊಳ್ಳಿ. ಅದರ ಹೂವು ಅರಳುವುದು ಸಂಜೆ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಬಳ್ಳಿ ಹತ್ತಿರ ಹೋದರೆ ಅವತ್ತು ಅರಳುವ ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ. ಹಿಂದೆ ಬೆರಳುದ್ದದ ಮಿಡಿ ಇದ್ದರೆ ಹೆಣ್ಣು. ಗೊಂಚಲಲ್ಲಿ ಬರುವುದು ಗಂಡು. ಎರಡರ ತುದಿಯನ್ನೂ ಬಾಳೆನಾರಿನಿಂದ ಮೆಲ್ಲಗೆ ಕಟ್ಟಿ. ಸಂಜೆ ಬಿಚ್ಚಿ, ಗಂಡು ಹೂವಿನ ಎಸಳು ಕಿತ್ತು, ಪರಾಗವನ್ನು ಹೆಣ್ಣಿನ ನಡುವಿಗೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ. ತೊಟ್ಟಿಗೊಂದು ಬಣ್ಣದ ದಾರ ಇರಲಿ, ಇಲ್ಲದಿದ್ದರೆ ಮನೆಯವರು ಯಾರಾದರೂ ಕೊಯ್ದು ಸಾಂಬಾರು ಮಾಡಿಬಿಡುತ್ತಾರೆ! ಸೋರೆಗೂ ಇದೇ ಹೊತ್ತು. ಸಿಹಿಗುಂಬಳ, ಸೌತೆ ಬೆಳಿಗ್ಗೆ ಅರಳುವುದರಿಂದ ಹಿಂದಿನ ಸಂಜೆಯೇ ಕಟ್ಟಬೇಕು. ಸಿಹಿಗುಂಬಳ ಮತ್ತು ಬೂದುಗುಂಬಳ ಅಕ್ಕಪಕ್ಕ ಇದ್ದರೆ ಹೆದರಬೇಡಿ, ಅವೆರಡೂ ಬೆರೆಯುವುದಿಲ್ಲ.

ಸೋರೆ ಕಹಿಯಾಗಿದ್ದರೆ ಮಾತ್ರ ಯೋಚನೆಯೇ ಬೇಡ. ಅಡುಗೆಗೂ ಬೇಡ, ಬೀಜಕ್ಕೂ ಬೇಡ. ಆ ಕಹಿ ವಿಷ, ಆಸ್ಪತ್ರೆ ಸೇರಿಸುತ್ತದೆ.

ಇನ್ನು ಒಣಗಿಸುವುದು. ಮಳೆ ಕಡಿಮೆಯ ಅರಸೀಕೆರೆ, ಕಡೂರಿನವರಿಗೆ ಇದು ಕೆಲಸವೇ ಅಲ್ಲ. ಸಕಲೇಶಪುರ, ಮೂಡಿಗೆರೆಯವರ ಕಷ್ಟ ಬೇರೆ. ಜುಲೈ ಮಳೆಯಲ್ಲಿ ಬೀನ್ಸ್ ಸಿಪ್ಪೆಯೊಳಗೇ ಮೊಳಕೆ ಒಡೆಯುತ್ತದೆ. ಹಾಗಾಗಿ ಮಳೆಗಾಲದ ಬೆಳೆ ತಿನ್ನಲಿಕ್ಕೆ, ಬೇಸಿಗೆ ಬೆಳೆ ಬೀಜಕ್ಕೆ ಎಂದು ಲೆಕ್ಕ ಇಟ್ಟುಕೊಳ್ಳಿ. ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಮೆತ್ತುವುದು, ಬೂದಿಯಲ್ಲಿಡುವುದು, ಒಲೆ ಮೇಲಿನ ಹೊಗೆಗೆ ತೂಗುಹಾಕುವುದು, ಇವೆಲ್ಲ ತೇವ ಮತ್ತು ಹುಳದ ವಿರುದ್ಧ ಹಿರಿಯರು ಕಂಡುಕೊಂಡ ದಾರಿ. ಈಗ ಗ್ಯಾಸ್ ಒಲೆ ಬಂದು ಹೊಗೆ ಹೋಯಿತು, ಕುಟ್ಟೆ ಹುಳ ಉಳಿಯಿತು. ಅದು ಹೊಲದಲ್ಲೇ ಮೊಟ್ಟೆಯಿಟ್ಟಿರುತ್ತದೆ, ಡಬ್ಬಿ ಬಿಗಿ ಮಾಡಿದರಷ್ಟೇ ಸಾಲದು. ಚೆನ್ನಾಗಿ ಒಣಗಿದ ಅವರೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಡಬ್ಬಿಯ ತಂಪು ಹೋಗುವ ತನಕ ಮುಚ್ಚಳ ತೆಗೆಯಬೇಡಿ, ತೇವ ಕೂರುತ್ತದೆ.

ಬೀಜ ಬದಲಾಯಿಸಿಕೊಳ್ಳುವುದಕ್ಕೆ ಏಪ್ರಿಲ್, ಮೇ ಒಳ್ಳೆಯ ಹೊತ್ತು. ಪೊಟ್ಟಣದ ಮೇಲೆ ಊರು, ಕೊಯ್ದ ತಿಂಗಳು, ಹೂವು ಕಟ್ಟಿದ್ದೋ ಇಲ್ಲವೋ, ಇಷ್ಟನ್ನು ಬರೆಯಿರಿ. ಕಟ್ಟಿಲ್ಲದಿದ್ದರೆ ಕಟ್ಟಿಲ್ಲ ಅಂತಲೇ ಬರೆಯಿರಿ, ತಪ್ಪೇನಿಲ್ಲ ಅಲ್ವಾ? ಈರುಳ್ಳಿ ಬೀಜ ಹಳೆಯದಾದರೆ ಯಾರಿಗೂ ಕೊಡಬೇಡಿ, ವರ್ಷ ದಾಟಿದರೆ ಅದರ ಮೊಳಕೆ ನಂಬುವಂತಿಲ್ಲ. ಆಲೂಗಡ್ಡೆಯನ್ನಂತೂ ಈ ಕೊಡು-ಕೊಳ್ಳುವಿಕೆಗೆ ಸೇರಿಸಲೇಬೇಡಿ. ಗಡ್ಡೆಯ ಜೊತೆ ಅಂಗಮಾರಿ ರೋಗವೂ ಬರುತ್ತದೆ. ನಮ್ಮ ಜಿಲ್ಲೆಯ ರೈತರು ಬಿತ್ತನೆ ಗಡ್ಡೆಗೆ ದೂರದ ಪಂಜಾಬಿನ ಜಲಂಧರ್ ಕಡೆ ನೋಡುವುದು ಸುಮ್ನೆ ಅಲ್ಲ.